ಹೆಂಡತಿ ಅಥವಾ ಗಂಡನಿಗೆ ಪ್ರತ್ಯೇಕ ಆರೋಗ್ಯ ವಿಮೆ: ಕಲಬುರಗಿಯವರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಸಂಗಾತಿಗೆ ಆರೋಗ್ಯ ವಿಮೆ ಮಾಡಿಸಲು ಹೊರಡುವವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಕಂತು (ಪ್ರೀಮಿಯಂ) ಎಷ್ಟು ಎಂದು ಕೇಳುತ್ತಾರೆ, ನಾಲ್ಕು ಕಂಪನಿಗಳ ದರ ನೋಡಿ ಕಡಿಮೆಯದನ್ನು ಆರಿಸುತ್ತಾರೆ, ಫಾರಂ ತುಂಬುವ ಕೆಲಸವನ್ನು ಏಜೆಂಟರಿಗೆ ಬಿಡುತ್ತಾರೆ. ತಪ್ಪು ಗೊತ್ತಾಗುವುದು ಎರಡು ವರ್ಷಗಳ ಮೇಲೆ, ಸೋಲಾಪುರದ ಅಥವಾ ಹೈದರಾಬಾದಿನ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತಾಗ. ಆ ಹೊತ್ತಿಗೆ ತಿದ್ದಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ಇಲ್ಲಿ ಕಂತಿನ ಮಾತು ಆರನೆಯ ಹಂತದಲ್ಲಿ ಬರುತ್ತದೆ. ಯಾವ ರಕ್ಷಣೆ ಈಗಾಗಲೇ ಇದೆ, ಯಾವ ಆಸ್ಪತ್ರೆಗೆ ಹೋಗುತ್ತೀರಿ, ಸಂಗಾತಿಗೆ ಯಾವ ಕಾಯಿಲೆಗಳಿವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲು ಯಾವ ಪಾಲಿಸಿ ಅಗ್ಗ, ಯಾವುದು ದುಬಾರಿ ಎಂದು ಹೇಳಲು ಸಾಧ್ಯವೇ ಇಲ್ಲ. ದಯವಿಟ್ಟು ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಮೊದಲು ಮೇಜಿನ ಮೇಲೆ ಇರಬೇಕಾದವು

ಸಂಗಾತಿಯ ಆಧಾರ್, ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮನೆಯ ರೇಷನ್ ಕಾರ್ಡ್, ಈಗ ಯಾವುದಾದರೂ ವಿಮೆ ಇದ್ದರೆ ಅದರ ಪ್ರತಿ, ಮತ್ತು ಐದಾರು ವರ್ಷಗಳ ವೈದ್ಯರ ಚೀಟಿ, ಲ್ಯಾಬ್ ವರದಿ, ಡಿಸ್ಚಾರ್ಜ್ ಸಮ್ಮರಿಗಳನ್ನು ಒಟ್ಟು ಮಾಡಿಕೊಳ್ಳಿ. ಈ ಕೊನೆಯ ಕಟ್ಟನ್ನು ಹುಡುಕಲು ಒಂದು ಭಾನುವಾರವೇ ಬೇಕಾದೀತು, ಆದರೂ ಬಿಡಬೇಡಿ.

ನಮ್ಮ ಭಾಗದ ಒಂದು ತೊಡಕನ್ನು ಇಲ್ಲಿಯೇ ಬಗೆಹರಿಸಿಕೊಳ್ಳಬೇಕು. ಎಷ್ಟೋ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಜನ್ಮದಿನಾಂಕ ಜನವರಿ 1 ಎಂದಿರುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬೇರೆ ಇರುತ್ತದೆ. ಹೆಸರಿನ ಮುಂದೆ ಒಂದು ದಾಖಲೆಯಲ್ಲಿ ತಂದೆಯ ಹೆಸರಿದ್ದರೆ ಇನ್ನೊಂದರಲ್ಲಿ ಗಂಡನ ಹೆಸರಿರುತ್ತದೆ. ಕಂತು ನಿಗದಿಯಾಗುವುದು ವಯಸ್ಸಿನ ಮೇಲೆ, ಕ್ಲೇಮಿನ ಹಣ ಬರುವುದು ಬ್ಯಾಂಕ್ ಖಾತೆಯ ಹೆಸರಿಗೆ. ಆಧಾರ್, ಪ್ಯಾನ್, ಬ್ಯಾಂಕ್ ದಾಖಲೆ ಮೂರರಲ್ಲೂ ಹೆಸರು ಮತ್ತು ಜನ್ಮದಿನಾಂಕ ಒಂದೇ ಆಗುವವರೆಗೆ ಅರ್ಜಿ ಹಾಕಬೇಡಿ.

ಹಂತ 1: ಈಗಾಗಲೇ ಇರುವ ರಕ್ಷಣೆಯನ್ನು ಲೆಕ್ಕಹಾಕಿ

ನಿಮ್ಮದು ಬಿಪಿಎಲ್ ಕಾರ್ಡ್ ಆಗಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡ್ ಇದ್ದರೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪಡೆದು ಖಾಸಗಿಗೆ ಹೋಗಬೇಕು ಎಂಬುದು ಇದರ ಕ್ರಮ. ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ ಆಮೇಲೆ ಕಾರ್ಡ್ ತೋರಿಸುವವರಿಗೆ ಇದರ ಪ್ರಯೋಜನ ದೊರೆಯುವುದು ಕಷ್ಟ.

ಸರ್ಕಾರಿ ಆಸ್ಪತ್ರೆಯಾದ ಜಿಮ್ಸ್ ಅಲ್ಲದೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆಯೂ ಕಲಬುರಗಿಯಲ್ಲಿದೆ. 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಹೃದಯದ ಚಿಕಿತ್ಸೆ ಎಂದರೆ ಹೈದರಾಬಾದೇ ಗತಿ ಎಂದುಕೊಂಡು ಅದೊಂದಕ್ಕಾಗಿ ದೊಡ್ಡ ಮೊತ್ತದ ಪಾಲಿಸಿ ಕೊಳ್ಳುವ ಮೊದಲು ಇದನ್ನು ಗಮನದಲ್ಲಿಡಿ.

ದಂಪತಿಯಲ್ಲಿ ಒಬ್ಬರ ಸಂಬಳ ತಿಂಗಳಿಗೆ 21,000 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ಕೆಲಸ ಮಾಡುವ ಸಂಸ್ಥೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಂದರೆ ಇನ್ನೊಬ್ಬರಿಗೂ ಚಿಕಿತ್ಸೆಯ ಹಕ್ಕಿದೆ. ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ ಇಲ್ಲಿಯೇ ಇದೆ. ಆದರೆ ಸಂಗಾತಿಯ ಹೆಸರು ಮತ್ತು ಆಧಾರ್ ಇಎಸ್‌ಐ ದಾಖಲೆಗೆ ಸೇರಿದೆಯೇ ಎಂದು ಕಚೇರಿಯಲ್ಲಿ ಕೇಳಿ ನೋಡಿ. ಮದುವೆಯಾಗಿ ಹಲವು ವರ್ಷಗಳಾದರೂ ಸೇರಿಸದವರಿದ್ದಾರೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯ ನೋಂದಣಿ ಯಾವಾಗ ತೆರೆಯುತ್ತದೆ ಎಂದು ತಮ್ಮ ಸೊಸೈಟಿಯ ಕಾರ್ಯದರ್ಶಿಯನ್ನು ವಿಚಾರಿಸಬೇಕು. ಅದು ವರ್ಷವಿಡೀ ತೆರೆದಿರುವುದಿಲ್ಲ.

ಖಾಸಗಿ ಕಂಪನಿಯ ಗುಂಪು ವಿಮೆಯಲ್ಲಿ ಸಂಗಾತಿಯ ಹೆಸರಿದ್ದರೆ, ಕೆಲಸ ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಲಿಖಿತವಾಗಿ ಕೇಳಿ. ಹೀಗೆ ಮಾಡಿದರೆ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ, ಅಂದರೆ ಕೆಲವು ಕಾಯಿಲೆಗಳಿಗೆ ವಿಮೆ ಅನ್ವಯಿಸದ ಆರಂಭದ ಅವಧಿಯಲ್ಲಿ, ಜಮಾ ಆಗುತ್ತವೆ. ಕೆಲಸ ಬಿಟ್ಟ ಮೇಲೆ ಹೊಸದಾಗಿ ಕೊಂಡರೆ ಎಲ್ಲವೂ ಸೊನ್ನೆಯಿಂದ ಶುರು.

ಹಂತ 2: ಪ್ರತ್ಯೇಕ ಪಾಲಿಸಿಯೋ, ಫ್ಲೋಟರೋ ಎಂದು ತೀರ್ಮಾನಿಸಿ

ಫ್ಲೋಟರ್ ಎಂದರೆ ಮನೆಯವರೆಲ್ಲ ಒಂದೇ ವಿಮಾ ಮೊತ್ತವನ್ನು ಹಂಚಿಕೊಳ್ಳುವ ಪಾಲಿಸಿ. ಅದರಲ್ಲಿ ಸಾಮಾನ್ಯವಾಗಿ ಮನೆಯ ಹಿರಿಯ ಸದಸ್ಯರ ವಯಸ್ಸೇ ಕಂತನ್ನು ನಿರ್ಧರಿಸುತ್ತದೆ. ಗಂಡನಿಗೆ 49 ವರ್ಷ ಮತ್ತು ಸಕ್ಕರೆ ಕಾಯಿಲೆ, ಹೆಂಡತಿಗೆ 38 ವರ್ಷ ಮತ್ತು ಯಾವ ತೊಂದರೆಯೂ ಇಲ್ಲ ಎಂದಿದ್ದರೆ ಇಬ್ಬರನ್ನೂ ಒಂದೇ ಪಾಲಿಸಿಯಲ್ಲಿ ಕಟ್ಟುವುದು ಹೆಂಡತಿಗೆ ನಷ್ಟ. ಒಬ್ಬರ ದೊಡ್ಡ ಚಿಕಿತ್ಸೆಗೆ ಮೊತ್ತವೆಲ್ಲ ಖರ್ಚಾದರೆ ಅದೇ ವರ್ಷ ಇನ್ನೊಬ್ಬರು ಬರಿಗೈ ಆಗುವ ಅಪಾಯವೂ ಇದೆ. ಇಬ್ಬರೂ ಮೂವತ್ತರ ಆಸುಪಾಸಿನಲ್ಲಿದ್ದು ಆರೋಗ್ಯವಾಗಿದ್ದರೆ ಫ್ಲೋಟರ್ ಅಗ್ಗವಾಗಬಹುದು. ನಲವತ್ತೈದು ದಾಟಿದ ಮೇಲೆ ಅಥವಾ ಒಬ್ಬರಿಗೆ ದೀರ್ಘಕಾಲದ ಕಾಯಿಲೆ ಇದ್ದರೆ ಪ್ರತ್ಯೇಕ ಪಾಲಿಸಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮದುವೆಯಾಗದೆ ಜೊತೆಗೆ ಬಾಳುತ್ತಿರುವವರಿಗೆ ಅನೇಕ ಫ್ಲೋಟರ್ ಪಾಲಿಸಿಗಳಲ್ಲಿ ಅವಕಾಶವಿಲ್ಲ, ಏಕೆಂದರೆ ಅವು ಕಾನೂನುಬದ್ಧ ಪತಿ ಅಥವಾ ಪತ್ನಿ ಎಂದೇ ಬರೆದಿರುತ್ತವೆ. ಅಂಥವರು ತಮ್ಮ ತಮ್ಮ ಹೆಸರಿನಲ್ಲಿ ತಾವೇ ಅರ್ಜಿದಾರರಾಗಿ ಪಾಲಿಸಿ ಪಡೆದು, ನಾಮಿನಿಯ ಜಾಗದಲ್ಲಿ ಪರಸ್ಪರರ ಹೆಸರು ಬರೆಯುವುದು ಸುಲಭದ ದಾರಿ.

ಹಂತ 3: ಪಾಲಿಸಿಗಿಂತ ಮೊದಲು ಆಸ್ಪತ್ರೆಯನ್ನು ಆರಿಸಿ

ಒಂದು ಹಾಳೆಯಲ್ಲಿ ಐದು ಆಸ್ಪತ್ರೆಗಳ ಹೆಸರು ಬರೆಯಿರಿ: ರಾತ್ರಿ ಹೊತ್ತಿನಲ್ಲಿ ಓಡುವ ಹತ್ತಿರದ ಎರಡು, ದೊಡ್ಡ ಶಸ್ತ್ರಚಿಕಿತ್ಸೆಗೆ ಊರಿನಲ್ಲಿ ನೀವು ನಂಬುವ ಒಂದು, ಮತ್ತು ಊರ ಹೊರಗಿನ ಎರಡು. ನಮ್ಮವರು ಸುಮಾರು 110 ಕಿಲೋಮೀಟರ್ ದೂರದ ಸೋಲಾಪುರಕ್ಕೋ, ಅದರ ಎರಡರಷ್ಟು ದೂರದ ಹೈದರಾಬಾದಿಗೋ ಹೋಗುತ್ತಾರೆ, ಬೆಂಗಳೂರಿಗೆ ಹೋಗುವವರು ಕಡಿಮೆ. ಪಾಲಿಸಿಯ ಮಾತಾಡುವಾಗ ಮಾತ್ರ ಬೆಂಗಳೂರಿನ ಆಸ್ಪತ್ರೆಗಳ ಉದ್ದದ ಪಟ್ಟಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ.

ಈ ಐದು ಹೆಸರುಗಳು ಕಂಪನಿಯ ನೆಟ್‌ವರ್ಕ್ ಪಟ್ಟಿಯಲ್ಲಿ, ಅಂದರೆ ಕಂಪನಿಯೇ ನೇರವಾಗಿ ಬಿಲ್ ಕಟ್ಟುವ ‘ಕ್ಯಾಶ್‌ಲೆಸ್’ ಒಪ್ಪಂದದ ಆಸ್ಪತ್ರೆಗಳ ಪಟ್ಟಿಯಲ್ಲಿ, ಇವೆಯೇ ಎಂದು ಅದರ ವೆಬ್‌ಸೈಟಿನಲ್ಲಿ ಪಿನ್ ಕೋಡ್ ಹಾಕಿ ನೋಡಿ. ಅಷ್ಟಕ್ಕೇ ನಿಲ್ಲದೆ ಆಸ್ಪತ್ರೆಯ ವಿಮಾ ಕೌಂಟರಿಗೆ ಹೋಗಿ, ‘ಈ ಕಂಪನಿಯ ಕ್ಯಾಶ್‌ಲೆಸ್ ಈಗ ನಡೆಯುತ್ತಿದೆಯೇ, ಈ ತಿಂಗಳು ಯಾರಿಗಾದರೂ ಆಗಿದೆಯೇ’ ಎಂದು ಕೇಳಿ. ಪಟ್ಟಿಯಲ್ಲಿ ಹೆಸರಿದ್ದೂ ಒಪ್ಪಂದ ನಿಂತುಹೋಗಿರುವುದು ಉಂಟು.

ಸಣ್ಣ ನರ್ಸಿಂಗ್ ಹೋಮ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪಾಲಿಸಿಗಳಲ್ಲಿ ‘ಆಸ್ಪತ್ರೆ’ ಎಂಬ ಪದಕ್ಕೇ ಒಂದು ವ್ಯಾಖ್ಯೆ ಇದೆ. ಕಾನೂನಿನಡಿ ನೋಂದಣಿಯ ಜೊತೆಗೆ ಅಲ್ಲಿ ಬರುವ ಅಳತೆಗೋಲುಗಳು ಇವು: 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಕನಿಷ್ಠ 10 ಒಳರೋಗಿ ಹಾಸಿಗೆ, ಉಳಿದೆಡೆ 15, ಹಗಲೂ ರಾತ್ರಿ ಅರ್ಹ ವೈದ್ಯರು ಮತ್ತು ದಾದಿಯರು, ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿ, ಪ್ರತಿ ರೋಗಿಯ ದೈನಂದಿನ ದಾಖಲೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ 10 ಹಾಸಿಗೆಯ ಲೆಕ್ಕಕ್ಕೆ ಬರುತ್ತವೆ. ಆರು ಹಾಸಿಗೆಯ ದವಾಖಾನೆಯಲ್ಲಿ ಎಷ್ಟೇ ಒಳ್ಳೆಯ ಡಾಕ್ಟರ್ ಇದ್ದರೂ ಅಲ್ಲಿನ ಬಿಲ್ಲಿಗೆ ವಿಮೆಯ ಹಣ ಬಾರದಿರಬಹುದು. ರಿಸೆಪ್ಶನ್‌ನ ಹಿಂದಿನ ಗೋಡೆಯ ಮೇಲೆ ತೂಗುಹಾಕಿರುವ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರವನ್ನು ಒಮ್ಮೆ ಓದಿ ಬನ್ನಿ, ಅವಧಿ ಮುಗಿದಿದೆಯೇ ಎಂದು ನೋಡಿ.

ಹೈದರಾಬಾದಿಗೆ ಹೋಗುವವರು ‘ವಲಯ’ ಎಂಬ ಪದವನ್ನು ಮರೆಯಬಾರದು. ಅನೇಕ ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ, ನಮ್ಮಂಥ ಊರುಗಳಿಗೆ ಕಡಿಮೆ ಕಂತು ಹಾಕುತ್ತವೆ. ಆದರೆ ಕೆಳ ವಲಯದ ಕಂತು ಕಟ್ಟಿದವರು ಮೇಲಿನ ವಲಯದ ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಕೆಲವು ಪಾಲಿಸಿಗಳಲ್ಲಿ ಬಿಲ್ಲಿನ ಶೇ. 10 ಅಥವಾ 20ರಷ್ಟನ್ನು ಕೈಯಿಂದ ಕೊಡಬೇಕು, ಇದಕ್ಕೆ ಕೋ-ಪೇ ಎನ್ನುತ್ತಾರೆ. ಮೂರು ಲಕ್ಷದ ಬಿಲ್ಲಿಗೆ ಶೇ. 20 ಎಂದರೆ 60,000. ಕಂತಿನಲ್ಲಿ ಉಳಿಸಿದ್ದೆಲ್ಲ ಒಂದೇ ಸಲಕ್ಕೆ ಹೋಗುತ್ತದೆ. ನೀವು ಬರೆದ ಐದರಲ್ಲಿ ಎರಡು ಹೈದರಾಬಾದಿನವೇ ಆಗಿದ್ದರೆ ವಲಯದ ಕೋ-ಪೇ ಇಲ್ಲದ ಪಾಲಿಸಿಯನ್ನೇ ಹುಡುಕಿ. ಕಂತು ಇಳಿಯಲೆಂದು ಸಂಗಾತಿ ವಾಸವಿಲ್ಲದ ಊರಿನ ವಿಳಾಸ ಕೊಡುವುದಂತೂ ಬೇಡ.

ಹಂತ 4: ಕಾಯಿಲೆಗಳ ಪೂರ್ಣ ಪಟ್ಟಿಯನ್ನು ನೀವೇ ಬರೆಯಿರಿ

ಬಹಳಷ್ಟು ಕ್ಲೇಮುಗಳು ಕೆಡುವುದು ಈ ಹಂತದಲ್ಲಿ ಮಾಡಿದ ತಪ್ಪಿನಿಂದ. ಏಜೆಂಟರು ಬಂದು, ‘ಸಣ್ಣಪುಟ್ಟ ಗುಳಿಗಿ ಎಲ್ಲ ಬರಿಯೋದು ಬ್ಯಾಡ್ರಿ, ಸುಮ್ನೆ ರಿಜೆಕ್ಟ್ ಆಗ್ತದ’ ಎಂದು ಸಲಹೆ ಕೊಡುತ್ತಾರೆ. ಈ ಮಾತು ಕೇಳಿಬಂದ ಕೂಡಲೇ ಅವರಿಂದ ಪಾಲಿಸಿ ಪಡೆಯುವುದನ್ನು ನಿಲ್ಲಿಸಿ. ಇದಕ್ಕಿಂತ ಸ್ಪಷ್ಟವಾದ ಅಪಾಯದ ಸೂಚನೆ ಇನ್ನೊಂದಿಲ್ಲ.

ಥೈರಾಯ್ಡ್ ಮಾತ್ರೆ, ಬಿಪಿ, ಸಕ್ಕರೆ, ಉಬ್ಬಸ, ಗರ್ಭಕೋಶದ ಗಡ್ಡೆ, ಸಿಸೇರಿಯನ್, ಕಿಡ್ನಿಯ ಕಲ್ಲು, ಹಳೆಯ ಅಪಘಾತ, ಬೆನ್ನುನೋವಿಗೆ ಮಾಡಿಸಿದ ಸ್ಕ್ಯಾನ್ ಯಾವುದನ್ನೂ ಬಿಡದೆ, ಯಾವಾಗ ಗೊತ್ತಾಯಿತು, ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ಚೀಟಿ ನೋಡಿ ಬರೆಯಿರಿ. ಸಂಗಾತಿಯ ಎದುರು ಕುಳಿತು ಬರೆಯಿರಿ. ಗಂಡನಿಗೆ ತಿಳಿಯದ ಮಾತ್ರೆಗಳು ಹೆಂಡತಿಯ ಪರ್ಸಿನಲ್ಲಿರುತ್ತವೆ. ಹೆಂಡತಿಗೆ ಹೇಳದ ಎದೆನೋವು ಗಂಡನಿಗಿರುತ್ತದೆ.

ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ ಅಥವಾ ಚಿಕಿತ್ಸೆ ಪಡೆದ ಕಾಯಿಲೆಯನ್ನು ಮೊದಲೇ ಇದ್ದ ಕಾಯಿಲೆ ಎಂದು ಪರಿಗಣಿಸುತ್ತಾರೆ. ಹೇಳಿಕೊಂಡರೆ ಅದಕ್ಕೆ ಕಾಯುವ ಅವಧಿ ಗರಿಷ್ಠ 36 ತಿಂಗಳು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಕ್ಲೇಮೂ ಹೋಗಬಹುದು, ಪಾಲಿಸಿಯೂ ಹೋಗಬಹುದು. ಸತತ 60 ತಿಂಗಳು ನವೀಕರಿಸಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಕೊಟ್ಟಿಲ್ಲವೆಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ ಎಂಬ ನಿಯಮ ನಿಜ. ಆದರೆ ಅದನ್ನು ನಂಬಿ ಸುಳ್ಳು ಬರೆಯುವವರಿಗೆ ಐದು ವರ್ಷ ರಕ್ಷಣೆ ಇದ್ದೂ ಇಲ್ಲದಂತೆಯೇ.

ಹಂತ 5: ಷರತ್ತುಗಳನ್ನು ಓದಿ, ಮೊದಲು ರೂಮ್ ಬಾಡಿಗೆ

ನೂರು ಪುಟದ ದಾಖಲೆಯನ್ನು ಎಲ್ಲರೂ ಓದಲಾರರು. ಆದರೆ ಗ್ರಾಹಕ ಮಾಹಿತಿ ಪತ್ರ ಎಂಬ ಕೆಲವೇ ಪುಟಗಳ ಸಾರಾಂಶವನ್ನು ಕಂಪನಿ ಕಡ್ಡಾಯವಾಗಿ ಕೊಡಬೇಕು, ನೀವು ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆಯಿರಿ, ಪೆನ್ನು ಹಿಡಿದು ಓದಿ.

ಮೊದಲು ಗುರುತು ಹಾಕಬೇಕಾದ್ದು ರೂಮ್ ಬಾಡಿಗೆಯ ಮಿತಿ. ನನ್ನ ಹೆಂಡತಿಗೆ ಹೈದರಾಬಾದಿನಲ್ಲಿ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾದಾಗ ಪಾಲಿಸಿಯ ಮಿತಿ ದಿನಕ್ಕೆ 5,000 ಇತ್ತು, ನಾವು 8,000ದ ಕೋಣೆ ತೆಗೆದುಕೊಂಡೆವು. ನಾಲ್ಕು ದಿನಕ್ಕೆ ಹೆಚ್ಚೆಂದರೆ 12,000 ಕೈಯಿಂದ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಕೊನೆಯ ಬಿಲ್ಲಿನಲ್ಲಿ ಸರ್ಜನ್, ಅರಿವಳಿಕೆ, ಶಸ್ತ್ರಚಿಕಿತ್ಸಾ ಕೊಠಡಿ, ದಾದಿಯರ ಶುಲ್ಕ ಸೇರಿ 80,000 ಇದ್ದದ್ದನ್ನೂ ಎಂಟಕ್ಕೆ ಐದರ ಅನುಪಾತದಲ್ಲಿ ಕಡಿತಗೊಳಿಸಿ 50,000 ಮಾತ್ರ ಮಂಜೂರು ಮಾಡಿದ್ದರು. ಕೋಣೆಯ 12,000, ಈ 30,000, ಒಟ್ಟು 42,000. ಔಷಧಿ, ಲ್ಯಾಬ್ ಪರೀಕ್ಷೆ, ಇಂಪ್ಲಾಂಟ್ ಮತ್ತು ಐಸಿಯು ಶುಲ್ಕಕ್ಕೆ ಈ ಅನುಪಾತ ಅನ್ವಯಿಸುವಂತಿಲ್ಲ, ಹಾಗಾಗಿ ಅಷ್ಟಕ್ಕೇ ಮುಗಿಯಿತು. ಅದು ಕಂಪನಿಯ ಮೋಸವಾಗಿರಲಿಲ್ಲ. ಷರತ್ತು ಮೊದಲೇ ಅಚ್ಚಾಗಿತ್ತು, ನಾನು ಓದಿರಲಿಲ್ಲ.

ಎರಡನೆಯದು ಕಾಯುವ ಅವಧಿ. ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ರಕ್ಷಣೆ ಇಲ್ಲ. ಪಿತ್ತಕೋಶ ಮತ್ತು ಕಿಡ್ನಿಯ ಕಲ್ಲು, ಹರ್ನಿಯಾ, ಮೂಲವ್ಯಾಧಿ, ಕಣ್ಣಿನ ಪೊರೆ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮುಂತಾದವುಗಳಿಗೆ, ಕಾಯಿಲೆ ಹೊಸದೇ ಆಗಿದ್ದರೂ, ಬಹಳಷ್ಟು ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ನಮ್ಮ ಬಿಸಿಲಿನಲ್ಲಿ ಕಿಡ್ನಿ ಕಲ್ಲಿನ ಮಾತು ಕೇಳದ ಓಣಿಯೇ ಇಲ್ಲ, ಆದ್ದರಿಂದ ಈ ಪಟ್ಟಿಯನ್ನು ಪೂರ್ತಿ ಓದಿ. ಹೆರಿಗೆ ವೆಚ್ಚ ಬೇಕಿದ್ದರೆ ಅದಕ್ಕೆ ಬೇರೆಯೇ ಕಾಯುವ ಅವಧಿ ಇರುತ್ತದೆ. ಗರ್ಭಿಣಿಯಾದ ಮೇಲೆ ಹುಡುಕಲು ಹೊರಟರೆ ಆ ಹೆರಿಗೆಗೆ ಉಪಯೋಗವಾಗದು.

ಕೋ-ಪೇ ಮತ್ತು ಪ್ರತಿ ಕಾಯಿಲೆಗೆ ಹಾಕಿರುವ ಉಪಮಿತಿಗಳನ್ನೂ ಇದೇ ಹಾಳೆಯಲ್ಲಿ ಬರೆದುಕೊಳ್ಳಿ.

ಹಂತ 6: ಈಗ ಕಂತನ್ನು ಹೋಲಿಸಿ, ಇಳಿಸಿ

ಎಲ್ಲಕ್ಕೂ ಒಂದು ಅಳತೆ ಬೇಕೆಂದರೆ ಆರೋಗ್ಯ ಸಂಜೀವಿನಿಯಿಂದ ಆರಂಭಿಸಿ. 2020ರ ಏಪ್ರಿಲ್‌ನಿಂದ ಬಂದಿರುವ ಈ ಮಾದರಿ ಪಾಲಿಸಿಯ ಷರತ್ತುಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ರೂಪಿಸಿದೆ. ರೂಮ್ ಬಾಡಿಗೆ ವಿಮಾ ಮೊತ್ತದ ಶೇ. 2, ದಿನಕ್ಕೆ ಗರಿಷ್ಠ 5,000, ಐಸಿಯು ಶೇ. 5, ಗರಿಷ್ಠ 10,000, ಕೋ-ಪೇ ಶೇ. 5. ಎಲ್ಲ ಕಂಪನಿಗಳಲ್ಲೂ ಷರತ್ತು ಒಂದೇ ಆಗಿರುವುದರಿಂದ ಕಂತಿನ ವ್ಯತ್ಯಾಸ ನೇರವಾಗಿ ಕಾಣುತ್ತದೆ. ಚಿಕಿತ್ಸೆಗೆ ಕಲಬುರಗಿ, ಸೋಲಾಪುರ ದಾಟದವರಿಗೆ ಇದು ಸಾಕಾಗಬಹುದು. ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಿಗೆ ಈ ಬಾಡಿಗೆ ಮಿತಿ ಸಾಲದು.

ಕಂತು ಇಳಿಸುವ ಒಳ್ಳೆಯ ದಾರಿ ಸೂಪರ್ ಟಾಪ್‌ಅಪ್. 5 ಲಕ್ಷದ ಮೂಲ ಪಾಲಿಸಿಯ ಮೇಲೆ, 5 ಲಕ್ಷ ದಾಟಿದ ಖರ್ಚಿಗೆ ಮಾತ್ರ ಅನ್ವಯಿಸುವ 20 ಲಕ್ಷದ ಸೂಪರ್ ಟಾಪ್‌ಅಪ್ ಸೇರಿಸಿದರೆ, 25 ಲಕ್ಷದ ಒಂದೇ ಪಾಲಿಸಿಗಿಂತ ಸಾಮಾನ್ಯವಾಗಿ ಅಗ್ಗ. ಬರೀ ‘ಟಾಪ್‌ಅಪ್’ ಎಂದರೆ ಬೇರೆ: ಅದು ಪ್ರತಿ ದಾಖಲಾತಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ, ಸೂಪರ್ ಟಾಪ್‌ಅಪ್ ವರ್ಷದ ಒಟ್ಟು ಖರ್ಚನ್ನು ನೋಡುತ್ತದೆ. ಗಂಡನ ಕಂಪನಿಯ ಗುಂಪು ವಿಮೆಯನ್ನೇ ಮೂಲವೆಂದು ನಂಬಿ ಸೂಪರ್ ಟಾಪ್‌ಅಪ್ ಮಾತ್ರ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಹೋದ ದಿನ ಮೊದಲ 5 ಲಕ್ಷ ನಿಮ್ಮ ತಲೆಯ ಮೇಲೆ ಬರುತ್ತದೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. ಬೆಲೆಪಟ್ಟಿಯಲ್ಲಿ ಯಾರಾದರೂ ಇನ್ನೂ ಜಿಎಸ್‌ಟಿ ಸೇರಿಸಿ ತೋರಿಸಿದರೆ ಪ್ರಶ್ನಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು 80ಡಿ ಎಂದೇ ಪರಿಚಿತವಾದ ವಿನಾಯಿತಿಯಲ್ಲಿ ತಮ್ಮ, ಸಂಗಾತಿಯ ಮತ್ತು ಮಕ್ಕಳ ಕಂತನ್ನು ಸೇರಿಸಿ 25,000ದವರೆಗೆ ತೋರಿಸಬಹುದು, ಆದರೆ ಕಂತನ್ನು ನಗದಾಗಿ ಕಟ್ಟಿರಬಾರದು.

ಹಂತ 7: ಅರ್ಜಿ ಮತ್ತು ಹಣ

ಫಾರಂ ಅನ್ನು ನೀವೇ ತುಂಬಿ, ಅಥವಾ ಏಜೆಂಟರು ತುಂಬಿದ ಮೇಲೆ ಪ್ರತಿ ಸಾಲು ಓದಿ ಒಟಿಪಿ ಕೊಡಿ. ಒಟಿಪಿ ಎಂದರೆ ಸಹಿ. ಸಂಗಾತಿಯ ಮೊಬೈಲ್ ಸಂಖ್ಯೆಯನ್ನೇ ಹಾಕಿ. ವೈದ್ಯಕೀಯ ತಪಾಸಣೆಗೆ ಕರೆದರೆ ಹೋಗಿ. ಕಾಯಿಲೆಯ ಕಾರಣಕ್ಕೆ ಕಂತು ಹೆಚ್ಚಿಸಿದರೆ ಆ ಪತ್ರವನ್ನು ಜೋಪಾನವಾಗಿಡಿ, ಏಕೆಂದರೆ ಕಂಪನಿ ಎಲ್ಲವನ್ನೂ ತಿಳಿದೇ ಒಪ್ಪಿದೆ ಎಂಬುದಕ್ಕೆ ಅದೇ ಸಾಕ್ಷಿ. ಹಣ ನೇರ ವಿಮಾ ಕಂಪನಿಗೇ ಹೋಗಬೇಕು. ಏಜೆಂಟರ ಫೋನ್‌ಪೇ ಸಂಖ್ಯೆಗೆ ಕಟ್ಟಬೇಡಿ. ಐಆರ್‌ಡಿಎಐ ಕಡೆಯಿಂದ ಕರೆ, ಬೋನಸ್ ಬಂದಿದೆ ಎನ್ನುವವರ ಫೋನ್ ಕೂಡಲೇ ಇಡಿ. ಆ ಪ್ರಾಧಿಕಾರ ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಹಂಚುವುದೂ ಇಲ್ಲ.

ಹಂತ 8: ಪಾಲಿಸಿ ಕೈಗೆ ಬಂದ ಮೊದಲ 30 ದಿನ

ಈ 30 ದಿನಗಳಲ್ಲಿ ಷರತ್ತು ಹಿಡಿಸದಿದ್ದರೆ ಪಾಲಿಸಿಯನ್ನು ಹಿಂತಿರುಗಿಸಬಹುದು. ಕೆಲವು ಸಣ್ಣ ಕಡಿತಗಳ ನಂತರ ಹಣ ವಾಪಸಾಗುತ್ತದೆ. ಪಾಲಿಸಿಯ ಜೊತೆ ಬರುವ ಅರ್ಜಿಯ ಪ್ರತಿಯನ್ನು ತೆರೆದು ನಾಲ್ಕನೇ ಹಂತದ ನಿಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿ. ‘ಮೊದಲೇ ಇದ್ದ ಕಾಯಿಲೆಗಳು’ ಎಂಬಲ್ಲಿ ‘ಇಲ್ಲ’ ಎಂದು ಅಚ್ಚಾಗಿದ್ದರೆ ಅಂದೇ ಕಂಪನಿಗೆ ಇಮೇಲ್ ಬರೆದು ತಿದ್ದಿಸಿ.

ಮುಂದಿನ ವರ್ಷದಿಂದ ನವೀಕರಣವನ್ನು ತಪ್ಪಿಸಬೇಡಿ. ವಾರ್ಷಿಕ ಕಂತಿಗೆ 30 ದಿನ, ಮಾಸಿಕ ಕಂತಿಗೆ 15 ದಿನಗಳ ಹೆಚ್ಚುವರಿ ಗಡುವಿದೆ. ಅದೂ ಮೀರಿದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ. ಕಂಪನಿ ಬದಲಿಸಬೇಕೆಂದರೆ ನವೀಕರಣಕ್ಕೆ ಕನಿಷ್ಠ 45 ದಿನ ಮೊದಲೇ ಪೋರ್ಟಬಿಲಿಟಿ ಅರ್ಜಿ ಕೊಡಿ.

ಹಂತ 9: ದಾಖಲಾಗುವ ದಿನ, ಮತ್ತು ತಕರಾರು ಬಂದರೆ

ಮೊದಲೇ ನಿಗದಿಯಾದ ಚಿಕಿತ್ಸೆಗೆ 48 ಗಂಟೆ ಮುಂಚೆ ಕಂಪನಿಗೆ ಅಥವಾ ಅದರ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎಗೆ ತಿಳಿಸಿ. ಕ್ಯಾಶ್‌ಲೆಸ್ ಮನವಿಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು 2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಆದೇಶಿಸಿದೆ. ಮನವಿ ಕಳುಹಿಸಿದ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ದಾಖಲಾಗುವಾಗ ಡ್ಯೂಟಿ ಡಾಕ್ಟರ್ ‘ಬಿಪಿ ಎಷ್ಟು ವರ್ಷದಿಂದ?’ ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಗಂಡ ‘ಐದಾರು ವರ್ಷ ಆಗಿರಬಹುದ್ರಿ’ ಎನ್ನುತ್ತಾನೆ. ಡಾಕ್ಟರ್ ಅದನ್ನೇ ಕೇಸ್ ಶೀಟಿನಲ್ಲಿ ಬರೆಯುತ್ತಾರೆ, ಅದು ಡಿಸ್ಚಾರ್ಜ್ ಸಮ್ಮರಿಗೂ ಹೋಗುತ್ತದೆ. ನಮ್ಮ ಓಣಿಯ ಒಬ್ಬರ ಮನೆಯಲ್ಲಿ ನಿಜವಾಗಿ ಬಿಪಿ ಪತ್ತೆಯಾಗಿ ಒಂದೂವರೆ ವರ್ಷವಷ್ಟೇ ಆಗಿತ್ತು, ಪಾಲಿಸಿ ತೆಗೆದುಕೊಂಡ ಮೇಲೆಯೇ ಅದು ಕಾಣಿಸಿಕೊಂಡಿತ್ತು. ಆ ಒಂದು ಅಂದಾಜಿನ ಮಾತಿನಿಂದ ಕ್ಲೇಮು ಮೂರು ತಿಂಗಳು ನಿಂತಿತು. ಹಳೆಯ ಚೀಟಿ ಸಿಕ್ಕಿ, ಅದನ್ನು ತೋರಿಸಿದ ಮೇಲೆ ಇತ್ಯರ್ಥವಾಯಿತು. ನಾಲ್ಕನೇ ಹಂತದ ಹಾಳೆಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು ಅದನ್ನೇ ನೋಡಿ ಉತ್ತರ ಕೊಡಿ.

ಕ್ಲೇಮು ತಿರಸ್ಕೃತವಾದರೆ ಕಾರಣವನ್ನು, ಪಾಲಿಸಿಯ ಯಾವ ಷರತ್ತಿನಡಿ ಎಂಬುದರ ಸಹಿತ, ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಬಿಮಾ ಭರೋಸಾ ಪೋರ್ಟಲ್ ಅಥವಾ 155255 ಸಹಾಯವಾಣಿಯ ಮೂಲಕವೂ ದೂರು ದಾಖಲಿಸಬಹುದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರುಗಳನ್ನು ಅಲ್ಲಿ ಶುಲ್ಕವಿಲ್ಲದೆ ಕೇಳುತ್ತಾರೆ, ವಕೀಲರ ಅಗತ್ಯವಿಲ್ಲ. ಅರ್ಜಿಯ ಜೊತೆ ಪಾಲಿಸಿ, ಅರ್ಜಿ ಫಾರಂನ ಪ್ರತಿ, ತಿರಸ್ಕಾರದ ಪತ್ರ, ಡಿಸ್ಚಾರ್ಜ್ ಸಮ್ಮರಿ ಮತ್ತು ಕಂಪನಿಗೆ ನೀವು ಬರೆದ ದೂರಿನ ಪ್ರತಿ ಇರಬೇಕು. ಆ ಕಟ್ಟು ಮನೆಯಲ್ಲಿ ಎಲ್ಲಿದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ, ಏಕೆಂದರೆ ಅದು ಬೇಕಾಗುವ ದಿನ ಇಬ್ಬರಲ್ಲೊಬ್ಬರು ಆಸ್ಪತ್ರೆಯ ಹಾಸಿಗೆಯಲ್ಲಿರುತ್ತಾರೆ.